ವಾದ್ಯ ನುಡಿಸುವವರ ಕುರ್ಚಿ, ಮೂರು ವರ್ಷ ಬಳಸಿದ ಮೇಲೆ: ಕುರ್ಚಿಗೆ ಪೂರ್ತಿ ಅಂಕ, ಕಂಪನಿಗೆ ಇಲ್ಲ

ಶಿರಸಿಯಲ್ಲಿ ಮನೆಯಲ್ಲೇ ಮಕ್ಕಳಿಗೆ ಬಾನ್ಸುರಿ (ಹಿಂದೂಸ್ತಾನಿ ಕೊಳಲು) ಹೇಳಿಕೊಡುತ್ತೇನೆ. ಮೊದಲೆಲ್ಲ ಕಂಬಳಿ ಹಾಸಿ ಚಕ್ಕಳಮಕ್ಕಳ ಹಾಕಿ ಕೂತೇ ನುಡಿಸುತ್ತಿದ್ದೆ, ಐವತ್ತು ದಾಟಿದ ಮೇಲೆ ಮಂಡಿ ಕೇಳಲಿಲ್ಲ. ಊಟದ ಮೇಜಿನ ಮರದ ಕುರ್ಚಿಯಲ್ಲಿ ಕೂತರೆ ಆಲಾಪದ ನಡುವೆ ಉಸಿರು ಎಳೆದಾಗಲೆಲ್ಲ ಕಿರ್ರ್ ಅನ್ನುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ಹಿಂದಕ್ಕೆ ಜಾರಿ ಹೊಟ್ಟೆ ಮಡಚಿಕೊಳ್ಳುತ್ತದೆ, ಮಂದ್ರದಲ್ಲಿ, ಅಂದರೆ ಕೆಳಗಿನ ಸ್ಥಾಯಿಯಲ್ಲಿ, ಒಂದು ಸ್ವರ ಹಿಡಿದರೆ ಅರ್ಧಕ್ಕೇ ಉಸಿರು ಮುಗಿಯುತ್ತದೆ.

ಹಾಗಾಗಿ 2022ರಲ್ಲಿ ಈ ಕುರ್ಚಿ ತರಿಸಿದೆ. ಪಕ್ಕದಲ್ಲಿ ಕೈಗಳಿಲ್ಲ, ಮೊಣಕೈ ಎಲ್ಲೂ ತಾಗುವುದಿಲ್ಲ. ನಾಲ್ಕೂ ಕಾಲುಗಳ ಎತ್ತರ ಬೇರೆಬೇರೆಯಾಗಿ ಹೊಂದಿಸಬಹುದು. ಹಿಂದಿನ ಎರಡನ್ನು ಒಂದಿಷ್ಟು ಎತ್ತರಿಸಿಕೊಂಡರೆ ಸೀಟು ಮುಂದಕ್ಕೆ ಬಾಗುತ್ತದೆ, ಸೊಂಟ ಮಂಡಿಗಿಂತ ಮೇಲೆ ಬರುತ್ತದೆ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಉಸಿರು ಹೊಟ್ಟೆಯ ತಳದವರೆಗೆ ಇಳಿಯುತ್ತದೆ. ಮೊದಲ ದಿನವೇ ಈ ವ್ಯತ್ಯಾಸ ಗೊತ್ತಾಯಿತು. ಎರಡು ಗಂಟೆ ಕೂತು ಎದ್ದರೂ ಸೊಂಟ ಹಿಡಿಯುವುದಿಲ್ಲ. ಮತ್ತೆ ಸದ್ದು, ಅದು ಇಲ್ಲವೇ ಇಲ್ಲ. ಬರೀ ತಂಬೂರಿ ಕೇಳುತ್ತಿರುವ ಹೊತ್ತಿನಲ್ಲಿ ಕುರ್ಚಿ ಸುಮ್ನೆ ಇರುವುದು ಎಷ್ಟು ದೊಡ್ಡ ವಿಷಯ ಅಂತ ನುಡಿಸುವವರಿಗೇ ಗೊತ್ತು ಅಲ್ವಾ? ನಮ್ಮ ಮಳೆಗಾಲದಲ್ಲಿ ತಬಲಾದ ಚೀಲಕ್ಕೂ ಬೂಷ್ಟು ಬರುತ್ತದೆ, ಇದರ ಸೀಟಿಗೂ ಬಂತು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಯಿತು. ಕಬ್ಬಿಣದ ಕಾಲಿಗೆ ಇವತ್ತಿಗೂ ತುಕ್ಕಿಲ್ಲ.

ತೊಂದರೆ ಶುರುವಾಗಿದ್ದು ಎರಡನೇ ವರ್ಷ. ಹಿಂದಿನ ಎಡಗಾಲಿನ ತಿರುಪಿನ ಥ್ರೆಡ್ ಸವೆದು, ಎಷ್ಟು ಬಿಗಿ ಮಾಡಿದರೂ ನುಡಿಸುತ್ತಾ ನುಡಿಸುತ್ತಾ ಕಾಲು ಕೆಳಗೆ ಜಾರತೊಡಗಿತು. ವಾರಂಟಿ ಇನ್ನೂ ಇತ್ತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಫೋಟೋ ಕಳಿಸಿ ಅಂದರು, ಕಳಿಸಿದೆ. ವಿಡಿಯೋ ಅಂದರು, ಅದನ್ನೂ ಕಳಿಸಿದೆ. ಹದಿನೈದು ದಿನ ಬಿಟ್ಟು ಬಂದ ಉತ್ತರ: ನಿಮ್ಮ ಪಿನ್‌ಕೋಡ್‌ಗೆ ಪಿಕಪ್ ಇಲ್ಲ, ಇಡೀ ಕುರ್ಚಿಯನ್ನು ಅದರದೇ ಬಾಕ್ಸಿನಲ್ಲಿ ಹಾಕಿ ನಿಮ್ಮ ಖರ್ಚಿನಲ್ಲಿ ಬೆಂಗಳೂರಿಗೆ ಕಳಿಸಿ. ರಟ್ಟಿನ ಬಾಕ್ಸು ಇಲ್ಲಿ ಎರಡು ಮಳೆಗಾಲ ಉಳಿಯುತ್ತದೆಯೇ? ನಾನು ಕೇಳಿದ್ದು ಹೆಬ್ಬೆರಳುದ್ದದ ಒಂದು ತಿರುಪು. ಅಂಚೆಯಲ್ಲಿ ಹಾಕಿ, ದುಡ್ಡು ಕೊಡುತ್ತೇನೆ ಅಂತಲೂ ಬರೆದೆ. ಬಿಡಿಭಾಗ ಮಾರುವುದಿಲ್ಲವಂತೆ. ಪ್ರತಿ ಸಲ ಹೊಸಬರು ಫೋನ್ ಎತ್ತುತ್ತಿದ್ದರು, ಪ್ರತಿ ಸಲ ಕಥೆ ಮೊದಲಿಂದ ಹೇಳಬೇಕು. ಕೊನೆಗೊಂದು ದಿನ ನಿಮ್ಮ ದೂರು ಪರಿಹಾರವಾಗಿದೆ ಅಂತ ಮೆಸೇಜ್ ಬಂತು. ನಿಜವಾಗಿ ಬೇಜಾರಾಗಿದ್ದು ಅವತ್ತು. ಇಷ್ಟು ಯೋಚಿಸಿ ಮಾಡಿದ ವಸ್ತುವನ್ನು ಮಾರಿದ ಮೇಲೆ ಅದರ ಕಡೆ ತಿರುಗಿಯೂ ನೋಡದ ಜನ ಅಂದರೆ ಏನು ಹೇಳಲಿ.

ಆಮೇಲೆ ಪೇಟೆಯ ಲೇತ್ ಅಂಗಡಿಗೆ ಕಾಲು ಬಿಚ್ಚಿಕೊಂಡು ಹೋದೆ. ಅವರು ಸವೆದ 8 ಎಂಎಂ ತೂತನ್ನು ದೊಡ್ಡದು ಮಾಡಿ, 10 ಎಂಎಂ ಟ್ಯಾಪ್ ಹೊಡೆದು (ಅಂದರೆ ಒಳಗೆ ಹೊಸ ಥ್ರೆಡ್ ಕೊರೆದು), ಹೊಸ ತಿರುಪು ಕೂರಿಸಿಕೊಟ್ಟರು. ಅರ್ಧ ಗಂಟೆ, 150 ರೂಪಾಯಿ. ಅವತ್ತಿನಿಂದ ಒಂದು ಸಲವೂ ಜಾರಿಲ್ಲ.

ಮಂಡಿ ನೋವಿರುವ ವಾದಕರಿಗೆ ಈ ಕುರ್ಚಿ ತಗೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ದುಡ್ಡು ಕಟ್ಟುವ ಮುಂಚೆ ಎರಡು ತಿರುಪು ಜಾಸ್ತಿ ಕೊಡುತ್ತೀರಾ ಅಂತ ಕೇಳಿ, ಉತ್ತರವನ್ನು ಮೇಲ್‌ನಲ್ಲೇ ತರಿಸಿಕೊಳ್ಳಿ. ಹಳ್ಳಿ ಕಡೆಯವರಾದರೆ ಹತ್ತಿರದಲ್ಲಿ ಲೇತ್ ಎಲ್ಲಿದೆ ಅಂತಲೂ ನೋಡಿಟ್ಟುಕೊಳ್ಳಿ.