ಟ್ರೇಲರ್‌ನ ಊಟದ ಬೆಂಚನ್ನು ಇಬ್ಬರ ಹಾಸಿಗೆ ಮಾಡಿದ ಕಥೆ: ಮೂರು ರೀತಿ ಮಾಡಿ ನೋಡಿದೆ, ಹತ್ತಿ ಗಾದಿಯೇ ಸರಿ

ಮೊದಲೇ ಹೇಳಿಬಿಡುತ್ತೇನೆ. ಮೂರು ರೀತಿ ಮಾಡಿ ನೋಡಿ ನಾವು ಕೊನೆಗೆ ಉಳಿಸಿಕೊಂಡಿದ್ದು ಮಡಚುವ ಹಲಗೆ ಮತ್ತು ಎರಡು ಹತ್ತಿ ಗಾದಿ. ಇನ್ನು ಅದನ್ನು ಬದಲಿಸುವುದಿಲ್ಲ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಒಂದೂವರೆ ವರ್ಷ, 15,200 ರೂಪಾಯಿ ಮತ್ತು ಇಬ್ಬರದೂ ಸಾಕಷ್ಟು ನಿದ್ದೆ ಹೋಯಿತು. ಸಣ್ಣ ಟ್ರೇಲರ್ ಕೊಳ್ಳುವ ಯೋಚನೆ ಇರುವವರಿಗಾದರೂ ಅದು ತಪ್ಪಲಿ ಅಂತ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಟ್ರೇಲರ್ ಅಂದರೆ ನಮ್ಮ ಕಡೆ ಎಲ್ಲರಿಗೂ ಟ್ರ್ಯಾಕ್ಟರ್ ಟ್ರಾಲಿ ನೆನಪಾಗುತ್ತದೆ. ಇದು ಅದಲ್ಲ. ಒಳಗೆ ಒಲೆ, ಕಪಾಟು, ಕೂರುವ ಜಾಗ ಇರುವ ಗಾಲಿ ಮೇಲಿನ ಸಣ್ಣ ಕೋಣೆ. ನಾನು ನಿವೃತ್ತನಾದ ವರ್ಷ ಹೈದರಾಬಾದಿನಲ್ಲಿ ಒಬ್ಬರಿಂದ ಹಳೆಯದನ್ನೇ ಕೊಂಡೆವು. ಬೊಲೆರೊ ಹಿಂದೆ ಸಿಕ್ಕಿಸಿಕೊಂಡು ಕಲಬುರಗಿಯಿಂದ ತಿಂಗಳಿಗೆ ಎರಡು ಮೂರು ರಾತ್ರಿ ಹೊರಗೆ ಹೋಗುತ್ತೇವೆ. ಗಾಣಗಾಪುರ, ಬಸವಕಲ್ಯಾಣ, ಬೀದರ್, ಚಿಂಚೋಳಿ ಕಡೆಯ ಚಂದ್ರಂಪಳ್ಳಿ ಡ್ಯಾಮ್, ಹೀಗೆ.

ಒಳಗೆ ಎದುರುಬದುರು ಎರಡು ಬೆಂಚು, ನಡುವೆ ಒಂದು ಊಟದ ಮೇಜು. ಮೇಜು ಕೆಳಗಿಳಿಸಿ ಬೆಂಚಿನ ಮಟ್ಟಕ್ಕೆ ಕೂರಿಸಿದರೆ ಅದೇ ಹಾಸಿಗೆ, ಇಬ್ಬರು ಆರಾಮಾಗಿ ಮಲಗಬಹುದು ಅಂದಿದ್ದರು ಮಾರಿದವರು. ನಾವು ಅಲ್ಲಿ ಕೂತು ಚಹಾ ಕುಡಿದು ನೋಡಿದೆವು. ಮಲಗಿ ನೋಡಲಿಲ್ಲ. ಕೊಳ್ಳುವವರು ದಯವಿಟ್ಟು ಇಬ್ಬರೂ ಹತ್ತು ನಿಮಿಷ ಮಲಗಿ ನೋಡಿ, ಯಾರು ಏನಂದರೂ ಸರಿ.

ಮೊದಲ ರಾತ್ರಿ ಗಾಣಗಾಪುರದಲ್ಲಿ. ಹುಣ್ಣಿಮೆ, ಜನ ಜಾಸ್ತಿ, ಮೇ ತಿಂಗಳ ಸೆಕೆ. ಮೇಜು ಇಳಿಸಿದೆ. ಬೆನ್ನಿಗೆ ಒರಗುವ ಎರಡು ಕುಶನ್ ತೆಗೆದು ಮೇಜಿನ ಮೇಲೆ ಹಾಸಿದೆ. ನೋಡಲು ಅಚ್ಚುಕಟ್ಟಾಗಿತ್ತು. ಅರ್ಧ ಗಂಟೆಗೆ ಹೆಂಡತಿ ಎದ್ದು ಕೂತಳು. "ಏನ್ರಿ, ನಾ ಕುಣ್ಯಾಗ ಬಿದ್ದೀನಿ ನೋಡ್ರಿ" ಅಂದಳು. ನನಗೂ ಅದೇ ಆಗಿತ್ತು, ನಾನು ಹೇಳಿರಲಿಲ್ಲ ಅಷ್ಟೆ.

ಆ ಕುಣಿ ಎಲ್ಲಿಂದ ಬಂತು ಅಂತ ಬೆಳಿಗ್ಗೆ ಟೇಪ್ ಹಿಡಿದು ಕೂತೆ. ಬೆಂಚು ಒಂದೊಂದೂ 24 ಇಂಚು, ನಡುವಿನ ಮೇಜು 26. ಒಟ್ಟು ಉದ್ದ 74 ಇಂಚು, ಅದು ಸಾಕು. ಆದರೆ ಆ ಉದ್ದಕ್ಕೆ ನಾಲ್ಕು ತುಂಡು ಕುಶನ್ ಅಡ್ಡಡ್ಡ ಬರುತ್ತವೆ. ತಲೆಯಿಂದ 24 ಇಂಚಿಗೆ ಒಂದು ಸಂದು, 37ಕ್ಕೆ ಇನ್ನೊಂದು, 50ಕ್ಕೆ ಮತ್ತೊಂದು. ನಡುವಿನದು ಸರಿಯಾಗಿ ಸೊಂಟದ ಕೆಳಗೆ ಬೀಳುತ್ತದೆ. ಅದು ಸಾಲದ್ದಕ್ಕೆ ಕೂರುವ ಕುಶನ್ ದಪ್ಪ ನಾಲ್ಕು ಇಂಚು, ಒರಗುವುದು ಮೂರೇ ಇಂಚು, ಮತ್ತು ಮೆತ್ತಗಿನ ಫೋಮ್. ಅಂದರೆ ದೇಹದ ಭಾರ ಎಲ್ಲಿ ಜಾಸ್ತಿಯೋ ಅಲ್ಲೇ ಹಾಸಿಗೆ ಒಂದು ಇಂಚು ತಗ್ಗು. ಮೇಜಿನ ಹಲಗೆಯೂ ತಾಟು ಇಡಲು ಮಾಡಿದ ತೆಳುವಿನದು, ಇಬ್ಬರು ಮಲಗಿದರೆ ಬಾಗುತ್ತದೆ.

ಇದಕ್ಕೆ ನಾನು ಮಾಡದ ಉಪಾಯ ಇಲ್ಲ. ಹಲಗೆ ಕೆಳಗೆ ಎರಡು ಕಟ್ಟಿಗೆ ಪಟ್ಟಿ ಹೊಡೆಸಿ ನಡುವೆ ಒಂದು ಕಾಲು ಕೊಡಿಸಿದೆ. ಬಾಗುವುದು ನಿಂತಿತು. ತಗ್ಗು ತುಂಬಲು ಒರಗುವ ಕುಶನ್ ಕೆಳಗೆ ಹಳೆಯ ಕೌದಿ ಮಡಚಿ ಹಾಕಿದೆ. ರಾತ್ರಿ ಹೊರಳಿದಾಗ ಅದು ಒಂದು ಕಡೆ ಮುದ್ದೆಯಾಯಿತು. ಕಪಾಟಿನಲ್ಲಿ ಹಾಸುವ ರಬ್ಬರ್ ಜಾಳಿಗೆ ಹಾಕಿದೆ. ಜಾರುವುದು ಸ್ವಲ್ಪ ಕಡಿಮೆಯಾಯಿತು. ಕುಶನ್‌ಗಳನ್ನು ಒಂದಕ್ಕೊಂದು ಹಿಡಿದಿಡಲು ವೆಲ್ಕ್ರೋ ಹೊಲಿಸಿದೆ. ಎರಡನೇ ಸಲಕ್ಕೇ ರೆಕ್ಸಿನ್ ಹೊಲಿಗೆ ಕಿತ್ತು ಬಂತು. ಕೊನೆಗೆ ನಾಲ್ಕೂ ಕುಶನ್ ಒಟ್ಟಿಗೆ ತೂರಿಸುವ ಜಿಪ್ ಇರುವ ದೊಡ್ಡ ಚೀಲ ಹೊಲಿಸಿದೆ. ಇದು ನಿಜವಾಗಿ ಕೆಲಸ ಮಾಡಿತು, ಸಂದು ಬಾಯಿ ಬಿಡುವುದು ನಿಂತಿತು. ಆದರೆ ತಗ್ಗು ಹಾಗೇ ಇತ್ತು. ಮೇಲಾಗಿ ದಿನಾ ರಾತ್ರಿ ಅದರೊಳಗೆ ಕುಶನ್ ತೂರಿಸಲು ಹದಿನೈದು ನಿಮಿಷ ಬೇಕು, ಬೆವರು ಇಳಿಯುತ್ತಿತ್ತು. ಇಷ್ಟಕ್ಕೆಲ್ಲ 1,900 ರೂಪಾಯಿ ಹೋಯಿತು.

ಅಗಲದ ವಿಷಯವೂ ಇದೆ. ಹಾಸಿಗೆ ಅಗಲ 41 ಇಂಚು. ಅಂಗಡಿಯಲ್ಲಿ ಸಿಂಗಲ್ ಗಾದಿ 36, ಡಬಲ್ 48 ಅಂತ ಕೊಡುತ್ತಾರೆ. ನಮ್ಮದು ಎರಡೂ ಅಲ್ಲ. ಇಬ್ಬರೂ ಒಂದೇ ಮಗ್ಗುಲಿಗೆ ಮಲಗಬೇಕು, ಒಬ್ಬರು ಹೊರಳಿದರೆ ಇನ್ನೊಬ್ಬರೂ ಹೊರಳಬೇಕು. ಮೊದಲ ರೀತಿ ಒಬ್ಬರೇ ತಿರುಗುವವರಿಗೆ ಅಥವಾ ಸಣ್ಣ ಮಕ್ಕಳಿಗೆ ಸಾಕು. ಇಬ್ಬರು ದೊಡ್ಡವರಿಗಲ್ಲ.

ಎರಡನೆಯದು ಎಳೆಯುವ ಪಟ್ಟಿಗಳ ಮಂಚ. ಎರಡೂ ಬೆಂಚಿನ ಬೋಲ್ಟ್ ಬಿಚ್ಚಿ ಮನೆ ಮಾಳಿಗೆ ಮೇಲೆ ಇಟ್ಟೆ. ಅವುಗಳ ಜಾಗದಲ್ಲಿ ಗೋಡೆಗುಂಟ ಉದ್ದಕ್ಕೆ ಒಂದು ಸೋಫಾ. ಅದರ ಪಟ್ಟಿಗಳು ಎರಡು ಕೈ ಬೆರಳು ಹೆಣೆದ ಹಾಗೆ, ಒಂದು ಬಿಟ್ಟು ಒಂದು. ಅರ್ಧ ಪಟ್ಟಿ ಅಲ್ಲೇ ಇರುತ್ತವೆ, ಅರ್ಧ ಮುಂದಕ್ಕೆ ಬರುತ್ತವೆ. ಎಳೆದರೆ 26 ಇಂಚಿನ ಸೋಫಾ 50 ಇಂಚಿನ ಮಂಚವಾಗುತ್ತದೆ. ಪೈನ್ ಕಟ್ಟಿಗೆ, ಕೂಲಿ, ಹೊಸ ಫೋಮ್ ಎಲ್ಲ ಸೇರಿ 7,800.

ಬೇಸಿಗೆಯಲ್ಲಿ ಇದು ತುಂಬಾ ಚೆನ್ನಾಗಿತ್ತು. ಪಟ್ಟಿಗಳ ಸಂದಿನಿಂದ ಕೆಳಗಿನಿಂದಲೂ ಗಾಳಿ ಆಡುತ್ತದೆ, ಬೆನ್ನು ಬೆವರುವುದಿಲ್ಲ. ಅದೇ ಗಾಳಿ ಡಿಸೆಂಬರ್‌ನಲ್ಲಿ ಬೀದರಿನಲ್ಲಿ ಸೊಂಟ ಹಿಡಿಸಿತು. ಬೀದರ್ ಎತ್ತರದ ಮೇಲಿರುವ ಊರು, ಅಲ್ಲಿಯ ಚಳಿಗೆ ಕೆಳಗೊಂದು ಕೌದಿ, ಮೇಲೆರಡು ಕೌದಿ ಬೇಕಾಯಿತು.

ಅದನ್ನಾದರೂ ಸಹಿಸಬಹುದಿತ್ತು. ನಿಜವಾದ ತೊಂದರೆ ಅದಕ್ಕೂ ಮೊದಲೇ, ಜುಲೈನಲ್ಲಿ ಕಂಡಿತ್ತು. ಚಂದ್ರಂಪಳ್ಳಿ ಹತ್ತಿರ ರಾತ್ರಿ ಹತ್ತಕ್ಕೆ ಮಂಚ ಎಳೆದರೆ ಅರ್ಧಕ್ಕೆ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎರಡು ದಿನದ ಮಳೆಗೆ ಕಟ್ಟಿಗೆ ಉಬ್ಬಿತ್ತು. ಆ ರಾತ್ರಿ ಹೆಂಡತಿ ಸೋಫಾ ಮೇಲೆ, ನಾನು ಬೊಲೆರೊ ಸೀಟಿನಲ್ಲಿ. ಬಡಿಗರು ನೋಡಿ, "ಸರ, ಮಳಿ ಹತ್ತಿದ್ರ ಕಟಗಿ ಉಬ್ಬತದ್ರಿ, ಸಂದ ಇನ್ನಾ ಬಿಡಬೇಕಿತ್ತು" ಅಂದರು. ರಂದಾ ಹೊಡೆದು ಸಡಿಲ ಮಾಡಿಕೊಟ್ಟರು. ಮೇಣದ ಬತ್ತಿಯನ್ನೂ ಉಜ್ಜಿದೆ. ಮಳೆಗಾಲ ಹೇಗೋ ಕಳೆಯಿತು. ತೊಗರಿ ರಾಶಿ ಮಾಡುವ ಹೊತ್ತಿಗೆ ಕಟ್ಟಿಗೆ ಒಣಗಿ ಕುಗ್ಗಿ ದಾರಿಯುದ್ದಕ್ಕೂ ಕಟಕಟ ಸದ್ದು. ರಾಶಿಯ ಧೂಳು, ಎರೆ ಮಣ್ಣಿನ ಧೂಳು ಎಲ್ಲ ಮೇಣಕ್ಕೆ ಮೆತ್ತಿಕೊಂಡು ಮತ್ತೆ ಬಿಗಿ. ಒಳ್ಳೆ ಒಣಗಿದ ಸಾಗವಾನಿಯಲ್ಲಿ ಮಾಡಿಸಿದರೆ ಇಷ್ಟು ಕಾಡಲಿಕ್ಕಿಲ್ಲ, ಆದರೆ ಅದಕ್ಕೆ ನನ್ನ ಪಿಂಚಣಿ ಸಾಲದು.

ಇನ್ನೊಂದು ವಿಷಯ. ಬೆಂಚು ಹೋದ ಮೇಲೆ ಎದುರುಬದುರು ಕೂತು ಉಣ್ಣುವುದೂ ಹೋಯಿತು. ನಾವು ಮನೆಯಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುವವರು. ಸೋಫಾ ಮೇಲೆ ಪಕ್ಕಪಕ್ಕ ಕೂತು ತೊಡೆ ಮೇಲೆ ತಾಟು ಇಟ್ಟುಕೊಂಡು ಊಟ ಮಾಡುವುದು ಇಬ್ಬರಿಗೂ ಸೇರಲಿಲ್ಲ.

ಮಾಳಿಗೆ ಮೇಲಿನ ಬೆಂಚುಗಳು ಮತ್ತೆ ಕೆಳಗೆ ಬಂದವು. ಈ ಸಲ ಮೇಜನ್ನು ಮೇಜಿನ ಪಾಡಿಗೆ ಬಿಟ್ಟೆ, ಬಿಚ್ಚಿ ಒಂದು ಕಡೆ ಇಡುತ್ತೇನೆ ಅಷ್ಟೆ. ರಾತ್ರಿಗೆ ಬೇರೆಯೇ ಹಲಗೆ. 12 ಎಂಎಂ ಪ್ಲೈವುಡ್, 26 ಇಂಚು ಅಗಲ, 50 ಇಂಚು ಉದ್ದ. ಕೆಳಗೆ ಎರಡು ಪಟ್ಟಿ, ನಡುದಾರಿಯ ಕಡೆ ಒಂದು ಮಡಚುವ ಕಾಲು. ಎರಡೂ ಬೆಂಚಿನ ಅದೇ ಕಡೆಯ ತುದಿಗೆ ಪಿಯಾನೋ ಹಿಂಜ್ (ಅಂಚಿನುದ್ದಕ್ಕೂ ಬರುವ ಪಟ್ಟಿ ಕೀಲು) ಹಾಕಿ 9 ಇಂಚಿನ ಒಂದೊಂದು ರೆಕ್ಕೆ. ಹಗಲು ಅವು ಕೆಳಗೆ ಜೋತಿರುತ್ತವೆ, ರಾತ್ರಿ ಎತ್ತಿ ಬ್ರ್ಯಾಕೆಟ್ ಕೊಟ್ಟರೆ ಹಾಸಿಗೆ ಅಗಲ 41ರಿಂದ 50 ಇಂಚು. ಬಾಗಿಲ ಕಡೆ ಇನ್ನೂ 22 ಇಂಚು ದಾರಿ ಉಳಿಯುತ್ತದೆ. 18 ಎಂಎಂ ಪ್ಲೈವುಡ್ ಬೇಡ, ಪಟ್ಟಿ ಕೊಟ್ಟರೆ 12 ಸಾಕು. ಎಳೆಯುವ ಗಾಡಿಯಲ್ಲಿ ಒಂದೊಂದು ಕಿಲೋ ಕೂಡ ಲೆಕ್ಕಕ್ಕೆ ಬರುತ್ತದೆ. ಪ್ಲೈವುಡ್ ಗಾಳಿ ಬಿಡುವುದಿಲ್ಲ, ಬೆಳಿಗ್ಗೆ ಗಾದಿ ಕೆಳಗೆ ತೇವ ಕೂರುತ್ತದೆ. ಅದಕ್ಕೆ ಗೇಣಿಗೊಂದರಂತೆ ಒಂದು ಇಂಚಿನ ತೂತು ಹೊಡೆಸಿದೆ.

ಆದರೆ ನನಗೆ ಅತಿ ಖುಷಿ ಕೊಟ್ಟಿದ್ದು ಗಾದಿ. ಕೂರುವ ಫೋಮ್ ಕುಶನ್ ತೆಗೆದೇ ಬಿಟ್ಟೆ. ಗಾದಿ ಹಾಕುವವರ ಹತ್ತಿರ ಹೋಗಿ 74 ಇಂಚು ಉದ್ದ, 25 ಇಂಚು ಅಗಲದ ಎರಡು ಹತ್ತಿ ಗಾದಿ ಹಾಕಿಸಿದೆ, ಒಂದೊಂದಕ್ಕೆ ಆರೂವರೆ ಕಿಲೋ ಹತ್ತಿ. ಇಂಥ ಗಾದಿಯನ್ನು ನಡುವೆ ಒಂದು ಸಲ ಮಡಚಿದರೆ 37 ಇಂಚು ಆಗುತ್ತದೆ. ಅಂದರೆ ಬೆಂಚಿನ ಮೇಲೆ ಹೆಚ್ಚುಕಡಿಮೆ ಸರಿಯಾಗಿ ಕೂರುತ್ತದೆ! ಹಗಲು ಒಂದೊಂದು ಬೆಂಚಿಗೆ ಒಂದೊಂದು, ಎರಡು ಪದರದ ದಪ್ಪ ಆಸನ. ಒರಗಲು ಹಳೆಯ ಕುಶನ್ ಹಾಗೇ ಇದೆ. ರಾತ್ರಿ ಬಿಡಿಸಿ ಪಕ್ಕಪಕ್ಕ ಉದ್ದಕ್ಕೆ ಹಾಸಿದರೆ ಇಬ್ಬರಿಗೂ ತಮ್ಮತಮ್ಮ ಗಾದಿ. ಸಂದು ಈಗಲೂ ಒಂದಿದೆ, ಆದರೆ ಅದು ಇಬ್ಬರ ನಡುವೆ ಉದ್ದಕ್ಕೆ ಇದೆ, ಯಾರ ಸೊಂಟದ ಕೆಳಗೂ ಇಲ್ಲ. ಮೊದಲ ರೀತಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ ನೋಡಿ. ಮೇ ತಿಂಗಳಲ್ಲಿ ರೆಕ್ಸಿನ್ ಮೈಗೆ ಅಂಟುತ್ತಿತ್ತು, ಹತ್ತಿ ಅಂಟುವುದಿಲ್ಲ.

ಹಲಗೆ ಇಟ್ಟು, ರೆಕ್ಕೆ ಎತ್ತಿ, ಗಾದಿ ಬಿಡಿಸಲು ನಾಲ್ಕು ನಿಮಿಷ. ಒಟ್ಟು ಖರ್ಚು 5,500.

ಇದರಲ್ಲೂ ಕೊರತೆ ಇವೆ. ಗಟ್ಟಿ ಹಾಸಿಗೆ ರೂಢಿ ಇಲ್ಲದವರಿಗೆ ಹತ್ತಿ ಗಾದಿ ಒಗ್ಗುವುದಿಲ್ಲ. ಅಂಥವರು ಇದೇ ಅಳತೆಗೆ 40 ಡೆನ್ಸಿಟಿಯ ಒತ್ತಾದ ಫೋಮ್ ಕತ್ತರಿಸಿಕೊಳ್ಳಿ, ಅಡ್ಡ ಮಾತ್ರ ಕತ್ತರಿಸಬೇಡಿ. ಮಳೆಗಾಲದಲ್ಲಿ ಹತ್ತಿ ತೇವ ಹೀರುತ್ತದೆ, ಬಿಸಿಲು ಬಂದ ಕೂಡಲೇ ಬೊಲೆರೊ ಬಾನೆಟ್ ಮೇಲೆ ಹಾಕಬೇಕು. ದೊಡ್ಡ ಹಲಗೆಗೆ ಹಗಲು ಜಾಗ ಹುಡುಕಬೇಕು, ನಾನು ಕಪಾಟಿನ ಪಕ್ಕ ನಿಲ್ಲಿಸಿ ಬೆಲ್ಟ್ ಬಿಗಿಯುತ್ತೇನೆ. ರೆಕ್ಕೆಯ ಮೂಲೆ ಮೊದಲ ವಾರ ಮೊಣಕಾಲಿಗೆ ಬಡಿಯಿತು. ಹಳೆ ಸೈಕಲ್ ಟ್ಯೂಬ್ ಸೀಳಿ ಅಂಚಿಗೆ ಹೊಡೆದ ಮೇಲೆ ಆ ತೊಂದರೆ ಇಲ್ಲ. ಹೆಂಡತಿಗೆ ಮೊಣಕಾಲು ನೋವು, ರಾತ್ರಿ ಒಮ್ಮೆ ಏಳುತ್ತಾಳೆ. ಅವಳದು ಬಾಗಿಲ ಕಡೆಯ ಗಾದಿ, ಯಾರನ್ನೂ ದಾಟಬೇಕಾಗಿಲ್ಲ.

ಗಾಡಿಯ ಬಾಡಿ, ಚಾಸಿ ಯಾವುದನ್ನೂ ಮುಟ್ಟಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಇರುವ ವಿವರ ಬದಲಾಗುವಂಥ ಮಾರ್ಪಾಡು ಮಾಡುವ ಹಾಗಿಲ್ಲ. ನೀವೂ ಬಿಚ್ಚಿ ತೆಗೆಯಲು ಬರುವ ಹಾಗೆ ಮಾತ್ರ ಮಾಡಿಸಿ.

ಒಂದು ವರ್ಷದ ಬಳಕೆಗೆ ಹತ್ತಿ ಸ್ವಲ್ಪ ಕೂತಿದೆ. ಯುಗಾದಿ ಕಳೆದ ಮೇಲೆ ಎರಡನ್ನೂ ಹಿಂಜಿಸಿ ಹೊಸದಾಗಿ ತುಂಬಿಸಬೇಕು. ಬಾಗಿಲ ಕಡೆಯ ಗಾದಿಗೆ ಒಂದು ಕಿಲೋ ಹತ್ತಿ ಜಾಸ್ತಿ ಹಾಕಿ ಅಂತ ಈಗಲೇ ಹೇಳಿಟ್ಟಿದ್ದೇನೆ.