ಕೌನ್ಸೆಲಿಂಗ್‌ಗೆ ಹಣ ಕಟ್ಟುವ ಮುನ್ನ ನೋಂದಣಿ ಸಂಖ್ಯೆ ಕೇಳಿ

ಮೈಸೂರಿನಲ್ಲಿ ಮನೆಯವರಿಗಾಗಿ ಆಪ್ತಸಮಾಲೋಚಕರನ್ನು ಹುಡುಕುತ್ತಿರುವವರು ಮುಂಗಡ ಹಣ ಕಟ್ಟುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ನನ್ನ ತಮ್ಮ ಖಿನ್ನತೆಗೆ ಮನೋವೈದ್ಯರೊಬ್ಬರಲ್ಲಿ ಚಿಕಿತ್ಸೆ ಪಡೆಯುತ್ತಿದ್ದ. ಮಾತ್ರೆಯ ಜೊತೆಗೆ ಕೌನ್ಸೆಲಿಂಗ್ ಕೂಡ ಆದರೆ ಒಳ್ಳೆಯದೆಂದು ಅವರೇ ಹೇಳಿದ್ದರಿಂದ, ಮನೆಗೆ ಹತ್ತಿರವಿದ್ದ ಖಾಸಗಿ ಕೇಂದ್ರವೊಂದಕ್ಕೆ ಅವನನ್ನು ಕಳುಹಿಸಿದೆವು. ಫಲಕದಲ್ಲಿ ಹೆಸರಿನ ಹಿಂದೆ 'ಡಾ.' ಇತ್ತು, ಕೆಳಗೆ 'ಮನಶ್ಶಾಸ್ತ್ರಜ್ಞರು' ಎಂದಿತ್ತು. ಇಡೀ ಪ್ಯಾಕೇಜಿನ ಹಣವನ್ನು ಮೊದಲೇ ಕಟ್ಟಿಸಿಕೊಂಡರು.

ಕೆಲವೇ ಭೇಟಿಗಳಲ್ಲಿ ಆ ವ್ಯಕ್ತಿ, ಮಾತ್ರೆಗಳೆಲ್ಲ ನಿಧಾನ ವಿಷ, ಇವತ್ತೇ ನಿಲ್ಲಿಸು ಎಂದು ತಮ್ಮನಿಗೆ ಹೇಳಿದರು. ಖಿನ್ನತೆಯ ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ತಲೆಸುತ್ತು, ಸಿಡುಕು, ನಿದ್ರಾಭಂಗ ಕಾಣಿಸಿಕೊಳ್ಳಬಹುದು. ಅವನಿಗೆ ಮೂರೂ ಬಂದವು. ವೈದ್ಯರು ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಇದಕ್ಕಿಂತ ಹೆಚ್ಚು ನೋವಾದದ್ದು, ತನ್ನ ಸಾಲದ ವಿಷಯವಾಗಿ ಅವನು ಅಲ್ಲಿ ಅತ್ತು ಹೇಳಿಕೊಂಡಿದ್ದೆಲ್ಲವನ್ನೂ ಆ ಕೇಂದ್ರದ ವ್ಯಕ್ತಿ ನಮ್ಮ ತಂದೆಗೆ ಫೋನಿನಲ್ಲಿ ಒಪ್ಪಿಸಿದ್ದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಗೋಪ್ಯತೆಯ ಹಕ್ಕನ್ನು ಸ್ಪಷ್ಟವಾಗಿಯೇ ಕೊಟ್ಟಿದೆ.

ಹಣ ವಾಪಸು ಕೇಳಲು ಹೋಗಿ ಕಾದು ಕುಳಿತ ದಿನ, ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ್ದ ಬಂಗಾರದ ಮುದ್ರೆಯ ಪ್ರಮಾಣಪತ್ರಗಳನ್ನು ಓದಿದೆ. ಒಂದು ವಾರಾಂತ್ಯದ ಸಂಮೋಹನ ಕಾರ್ಯಾಗಾರದ್ದು, ಇನ್ನೊಂದು ಆನ್‌ಲೈನ್ ಕೋರ್ಸಿನದು, ಮತ್ತೊಂದು ಯಾವುದೋ ಸಂಘದ ಸನ್ಮಾನಪತ್ರ. ನೋಂದಣಿ ಸಂಖ್ಯೆ ಕೇಳಿದಾಗ, ಅದೆಲ್ಲ ಸರ್ಕಾರಿ ನೌಕರಿಯವರಿಗೆ ಎಂಬ ಉತ್ತರ ಬಂತು.

ಇದು ಶುದ್ಧ ಸುಳ್ಳು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ, ಅಂದರೆ ಮಾನಸಿಕ ಕಾಯಿಲೆಗೆ ಮಾತ್ರೆಯಿಲ್ಲದೆ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞರಾಗಿ, ಕೆಲಸ ಮಾಡುವವರು ಖಾಸಗಿಯಾಗಿದ್ದರೂ 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಾಯಿಸಿಕೊಂಡಿರಲೇಬೇಕು. ಅವರ ಹೆಸರನ್ನು ಪರಿಷತ್ತಿನ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ಉಲ್ಲಂಘಿಸಿದರೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. (ಆ ದಂಡ ನಾವು ತೆತ್ತ ಒಂದು ಭೇಟಿಯ ಶುಲ್ಕಕ್ಕಿಂತ ಕಡಿಮೆ.) ಮಾತ್ರೆ ಬರೆಯುವ ಮನೋವೈದ್ಯರಿಗೆ ವೈದ್ಯಕೀಯ ಮಂಡಳಿಯ ನೋಂದಣಿ ಬೇಕು. ಬರೀ 'ಕೌನ್ಸೆಲರ್' ಎಂದು ಫಲಕ ಹಾಕಿಕೊಳ್ಳುವವರ ಮೇಲೆ ಇಷ್ಟು ಬಿಗಿಯಾದ ಹಿಡಿತ ಇನ್ನೂ ಇಲ್ಲವಾದ್ದರಿಂದ, ಓದಿದ್ದೇನು, ಯಾವ ವಿಶ್ವವಿದ್ಯಾಲಯದಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ ತರಬೇತಾದರು ಎಂದು ನೇರವಾಗಿ ಕೇಳುವುದೊಂದೇ ದಾರಿ. ಸರಿಯಾದವರು ಇದಕ್ಕೆ ಮುನಿಸಿಕೊಳ್ಳುವುದಿಲ್ಲ.

ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಮಿಮ್ಸ್‌ನಲ್ಲೂ ಮನೋವೈದ್ಯಕೀಯ ವಿಭಾಗಗಳಿವೆ. ನೋಂದಾಯಿತರ ವಿಳಾಸವನ್ನು ಅಲ್ಲಿ ವಿಚಾರಿಸುವುದು ಜಾಹೀರಾತು ನೋಡಿ ಹೋಗುವುದಕ್ಕಿಂತ ಎಷ್ಟೋ ಮೇಲು. ತುರ್ತಾಗಿ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ನಮ್ಮ ಹಣವಂತೂ ಇನ್ನೂ ವಾಪಸು ಬಂದಿಲ್ಲ. ರಸೀದಿ ಕೊಟ್ಟಿರದಿದ್ದರೂ ಯುಪಿಐ ಪಾವತಿಯ ದಾಖಲೆ ಮತ್ತು ಮಾತ್ರೆ ಬಿಡಲು ಹೇಳಿದ ವಾಟ್ಸಾಪ್ ಸಂದೇಶಗಳಿವೆ; ಅವುಗಳೊಂದಿಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಿದ್ಧಪಡಿಸುತ್ತಿದ್ದೇವೆ.