ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸ್: ಬುಲ್‌ಬುಲ್ ಫೋಟೊಗೆ ಹೋಗುವವರಿಗೆ

ಫ್ಲೇಮ್ ಥ್ರೋಟೆಡ್ ಬುಲ್‌ಬುಲ್ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಅಪರೂಪವೇನಲ್ಲ, ಆದರೆ ಸಾಮಾನ್ಯವಾಗಿ ಕಾಣುವುದು ಎಲೆಗಳ ಮರೆಯಲ್ಲಿ, ಕತ್ತೆತ್ತಿ ನೋಡಿದಾಗ. ಅದನ್ನು ಕಣ್ಣಿನ ಮಟ್ಟದಲ್ಲಿ, ಕೆಲವೇ ಮೀಟರ್ ದೂರದಲ್ಲಿ ನೋಡಬೇಕೆಂದರೆ ಜೋಯಿಡಾ ತಾಲ್ಲೂಕಿನ ಈ ಜಾಗಕ್ಕೇ ಹೋಗಿ. ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಆವರಣವಿದು. ಈಗ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ನಡೆಸುತ್ತಿದೆ. ವಸತಿ ಸರಳ, ಮಲಗಿ ಏಳಲು ಸಾಕು.

ಇಲ್ಲಿನ ನಿಜವಾದ ಆಸ್ತಿ ಹಕ್ಕಿಗಳಿಗೆಂದು ಇಟ್ಟಿರುವ ನೀರಿನ ತೊಟ್ಟಿಗಳು. ಸುತ್ತಲಿನ ಹಳ್ಳಗಳು ಬತ್ತುತ್ತಾ ಬಂದಂತೆ ಹಕ್ಕಿಗಳಿಗೆ ಇವೇ ಗತಿ. ಹಾಗಾಗಿ ಫೆಬ್ರುವರಿಯಿಂದ ಮೇವರೆಗೆ ಹೋಗುವುದು ಒಳ್ಳೆಯದು. ಮಳೆಗಾಲದಲ್ಲಿ ಕಾಡಿನ ತುಂಬ ನೀರಿರುವಾಗ ತೊಟ್ಟಿ ಹತ್ತಿರ ಯಾವ ಹಕ್ಕಿ ಸುಳಿಯುತ್ತದೆ? ಜಿಗಣೆ ಕಾಟ ಬೇರೆ.

ತೊಟ್ಟಿಯಿಂದ ತೊಟ್ಟಿಗೆ ಓಡಾಡಬೇಡಿ. ಒಂದೇ ಕಡೆ ಮಧ್ಯಾಹ್ನ ಮೂರಕ್ಕೆ ಕೂತು ಕತ್ತಲಾಗುವವರೆಗೆ ಏಳದಿದ್ದರೆ ಬುಲ್‌ಬುಲ್ ಜೊತೆಗೆ ಬ್ಲ್ಯಾಕ್ ನೇಪ್ಡ್ ಮೊನಾರ್ಕ್, ಶಾಮಾ, ಫೇರಿ ಬ್ಲೂಬರ್ಡ್ ಕೂಡ ಸಿಗುವ ಸಾಧ್ಯತೆ ಇದೆ. ಬುಲ್‌ಬುಲ್ ನೇರವಾಗಿ ನೀರಿಗೆ ಇಳಿಯುವುದಿಲ್ಲ. ಮೊದಲು ಪಕ್ಕದ ಕೊಂಬೆಯಲ್ಲಿ ಕೂತು ಅತ್ತಿತ್ತ ನೋಡುತ್ತದೆ. ಫೋಕಸ್ ಆ ಕೊಂಬೆಯ ಮೇಲಿರಲಿ. ಕೊರಳಿನ ಕಿತ್ತಳೆಗೆಂಪು, ಬಿಳಿಚಿದ ಕಣ್ಣು, ಎರಡೂ ಸ್ಪಷ್ಟವಾಗಿ ಸಿಗುವುದು ಅಲ್ಲೇ.

ದೊಡ್ಡ 600 ಎಂಎಂ ಲೆನ್ಸ್ ಬಾಡಿಗೆಗೆ ತರುವುದು ದುಡ್ಡು ದಂಡ. ಇಷ್ಟು ಹತ್ತಿರದಲ್ಲಿ ಹಕ್ಕಿಯ ಬಾಲ ಫ್ರೇಮಿನಾಚೆ ಹೋಗುತ್ತದೆ, ಕೆಲವು ಲೆನ್ಸ್‌ಗಳಿಗೆ ಫೋಕಸ್ಸೇ ಸಿಗದು. 100-400 ಜೂಮ್ ಧಾರಾಳ ಸಾಕು. ಮರದ ನೆರಳಿನಲ್ಲಿ ಬೆಳಕು ಕಡಿಮೆ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 1600ರಿಂದ 6400ರವರೆಗೆ ಏರಿಸಲು ಸಿದ್ಧರಿರಿ. ಕೂತ ಹಕ್ಕಿಗೆ 1/250 ಸೆಕೆಂಡಿನ ಶಟರ್ ವೇಗ ಸಾಕಾದರೂ ಸ್ನಾನ ಮಾಡುತ್ತಾ ರೆಕ್ಕೆ ಬಡಿಯುವಾಗ 1/1000 ಬೇಕು. ಹೆಚ್ಚಿನವರ ಚಿತ್ರ ಕೆಡುವುದು ಎಕ್ಸ್‌ಪೋಷರ್‌ನಲ್ಲಿ, ಅಂದರೆ ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣದಲ್ಲಿ. ಕಪ್ಪು ತಲೆ, ಕಡು ಹಸಿರಿನ ಹಿನ್ನೆಲೆಗೆ ಮೋಸಹೋಗಿ ಕ್ಯಾಮೆರಾ ಬೆಳಕು ಹೆಚ್ಚಿಸುತ್ತದೆ, ಹೊಟ್ಟೆಯ ಹಳದಿಯಲ್ಲಿ ಗರಿಗಳ ಗೆರೆಯೇ ಉಳಿಯುವುದಿಲ್ಲ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅರ್ಧದಿಂದ ಒಂದು ಸ್ಟಾಪ್ (ಬೆಳಕಿನ ಅಳತೆ) ಇಳಿಸಿ, ಕ್ಯಾಮೆರಾ ಸಂಸ್ಕರಿಸದ ರಾ ಫೈಲ್‌ನಲ್ಲೇ ತೆಗೆಯಿರಿ. ಎಲೆಗಳಿಂದ ಬೀಳುವ ಹಸಿರು ಛಾಯೆಯನ್ನು ಆಮೇಲೆ ಸರಿಪಡಿಸಬಹುದು. ಫ್ಲ್ಯಾಷ್ ಮಾತ್ರ ಬೇಡವೇ ಬೇಡ. ಬೆದರಿದ ಹಕ್ಕಿ ನೀರು ಕುಡಿಯದೆ ಹಾರಿಹೋಗುತ್ತದೆ, ಬೇಸಿಗೆಯಲ್ಲಿ ಅದು ಸಣ್ಣ ನಷ್ಟವಲ್ಲ.

ಒಂದು ರಾತ್ರಿಗಿಂತ ಎರಡು ರಾತ್ರಿಗೆ ಬುಕ್ ಮಾಡಿ. ಯಾವ ತೊಟ್ಟಿಗೆ ಯಾವಾಗ ಬೆಳಕು ಬೀಳುತ್ತದೆ ಎಂದು ತಿಳಿಯುವುದರಲ್ಲೇ ಮೊದಲ ಸಂಜೆ ಮುಗಿದುಹೋಗುತ್ತದೆ.